ಅರ್ಜಿ ಹಾಕಿದರಷ್ಟೇ ಸಾಲದು
ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವ ಬಗೆಯನ್ನು ನಿಮ್ಮ ಲೇಖನದಲ್ಲಿ ಚೆನ್ನಾಗಿ ತಿಳಿಸಿದ್ದೀರಿ. ಆದರೆ ಬ್ಯಾಂಕ್ ಖಾತೆಯ ವಿಷಯ ಒಂದೇ ಸಾಲಿನಲ್ಲಿ ಮುಗಿದುಹೋಗಿದೆ, ಮಕ್ಕಳು ಒದ್ದಾಡುವುದೇ ಅಲ್ಲಿ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ದುಡ್ಡು ಬರಲ್ಲ, ಎನ್‌ಪಿಸಿಐ ಮ್ಯಾಪಿಂಗ್ ಆಗಿರಲೇಬೇಕು, ಅಂದರೆ ಆಧಾರ್‌ಗೆ ಬರುವ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ರಾಷ್ಟ್ರೀಯ ಪಾವತಿ ನಿಗಮದಲ್ಲಿ (ಎನ್‌ಪಿಸಿಐ) ದಾಖಲಾಗಿರಬೇಕು. ಮಧ್ಯೆ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಅಲ್ಲಿ ಮ್ಯಾಪ್ ಮಾಡಿಸಿದ್ದರೆ ಹಣ ಅಲ್ಲಿಗೇ ಹೋಗುತ್ತದೆ. ಪಕ್ಕದ ಮನೆಯ ಹುಡುಗಿ ಪಾಪ, ಹಳೇ ಪಾಸ್‌ಬುಕ್ಕನ್ನೇ ಮತ್ತೆ ಮತ್ತೆ ಎಂಟ್ರಿ ಮಾಡಿಸುತ್ತಿದ್ದಳು! ಊಟ, ವಸತಿಗೆಂದು ಸರ್ಕಾರ ಕೊಡುವ ವಿದ್ಯಾಸಿರಿಯಲ್ಲಿ ಹಣ ಸಿಗುವುದು ವರ್ಷಕ್ಕೆ 10 ತಿಂಗಳು ಮಾತ್ರ. ಹಾಸ್ಟೆಲ್ ಸಿಗದೆ ರೂಮು ಮಾಡಿಕೊಂಡವರಿಗೆ ಅದು ಊಟದ ದುಡ್ಡು. ಕಾಲೇಜಿನವರಲ್ಲಿ ಒಂದೇ ವಿನಂತಿ: ದಾಖಲೆಗಳು ಸರಿಯಿವೆ ಎಂದು ಆನ್‌ಲೈನ್‌ನಲ್ಲಿ ಖಚಿತಪಡಿಸುವ ಇ-ದೃಢೀಕರಣವನ್ನು ಕೊನೇ ದಿನದವರೆಗೆ ಎಳೆಯಬೇಡಿ. ಸರ್ವರ್ ಕೈಕೊಟ್ಟರೆ ಆ ಮಕ್ಕಳ ವರ್ಷದ ಹಣವೇ ಹೋಗುತ್ತದೆ.