ವೇಗಕ್ಕೊಂದು ಲೆಕ್ಕ, ಫೈಲಿಗೊಂದು ಲೆಕ್ಕ ಯಾಕೆ?

100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಲೈನಿನ ಮೇಲೆ ವಿಂಡೋಸ್ ಕಂಪ್ಯೂಟರಿನಲ್ಲಿ ದೊಡ್ಡ ಫೈಲೊಂದನ್ನು ಕಾಪಿ ಮಾಡಿ ನೋಡಿ. ಎಲ್ಲ ಸರಿಯಾಗಿದ್ದರೂ ಪರದೆ ಮೇಲೆ ಸೆಕೆಂಡಿಗೆ 11.3 ಎಂಬಿಯ (ಮೆಗಾಬೈಟ್) ಆಸುಪಾಸು ಬಂದು ನಿಲ್ಲುತ್ತದೆ. "ನೂರು ಅಂತ ಹೇಳಿ ಹನ್ನೊಂದು ಕೊಡ್ತಿದ್ದಾರೆ" ಅಂತ ಸಿಟ್ಟು ಬರುವುದು ಸಹಜ. ಆದರೆ ಆ ಎರಡೂ ಅಂಕಿ ಹೇಳುತ್ತಿರುವುದು ಒಂದೇ ವೇಗವನ್ನು.

ಬಿಡಿಸಿ ನೋಡೋಣ. ಲೈನಿನ ವೇಗ ಬಿಟ್‌ ಲೆಕ್ಕದಲ್ಲಿ, ಫೈಲಿನ ಗಾತ್ರ ಬೈಟ್‌ ಲೆಕ್ಕದಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 100ನ್ನು 8ರಿಂದ ಭಾಗಿಸಿದರೆ 12.5. ಇನ್ನು ಡೇಟಾ ಸುಮ್ನೆ ಹರಿದು ಬರುವುದಿಲ್ಲ, ಪ್ಯಾಕೆಟ್‌ಗಳಾಗಿ ಬರುತ್ತದೆ. ಈಥರ್ನೆಟ್ ತಂತಿಯ ಮೇಲೆ ಒಂದು ತುಂಬಿದ ಪ್ಯಾಕೆಟ್ 1538 ಬೈಟ್‌ನಷ್ಟು ಜಾಗ ಹಿಡಿಯುತ್ತದೆ. ಅದರಲ್ಲಿ ನಿಮ್ಮ ಫೈಲಿನ ಪಾಲು ಹೆಚ್ಚೆಂದರೆ 1460. ಉಳಿದ 78 ಬೈಟ್ ಯಾರಿಂದ ಯಾರಿಗೆ ಅನ್ನುವ ವಿಳಾಸಕ್ಕೆ, ದಾರಿಯಲ್ಲಿ ಕೆಟ್ಟಿದೆಯಾ ಅಂತ ನೋಡುವ ಗುರುತಿಗೆ, ಎರಡು ಪ್ಯಾಕೆಟ್‌ಗಳ ನಡುವಿನ ಅಂತರಕ್ಕೆ ಹೋಗುತ್ತದೆ. ಅಲ್ಲಿಗೆ 12.5 ಇಳಿದು 11.87 ಆಯಿತು. ಕೊನೆಗೆ ವಿಂಡೋಸ್ ಒಂದು ಎಂಬಿ ಅಂದರೆ 10,00,000 ಬೈಟ್ ಅಂತ ಹಿಡಿಯುವುದಿಲ್ಲ. 1024ನ್ನು 1024ರಿಂದ ಗುಣಿಸಿ, 10,48,576 ಅಂತ ಹಿಡಿಯುತ್ತದೆ. ಆ ಲೆಕ್ಕದಲ್ಲಿ 11.87 ಆಗುವುದು 11.3.

ನೋಡಿ, ಒಂದು ಸಣ್ಣ ಅಂಕಿಯ ಹಿಂದೆ ಮೂರು ಮೆಟ್ಟಿಲು. ಇದನ್ನೆಲ್ಲ ಜನ ತಾವೇ ತಿಳಿದುಕೊಳ್ಳಲಿ ಅನ್ನುವುದು ನ್ಯಾಯವಲ್ಲ ಅಂತ ನನ್ನ ಅಭಿಪ್ರಾಯ.

ಬಿಟ್‌ನಲ್ಲಿ ಅಳೆಯುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ತಂತಿಯ ಮೇಲೆ ಬಿಟ್‌ಗಳು ಒಂದರ ಹಿಂದೆ ಒಂದು ಹೋಗುತ್ತವೆ, ಇಂಜಿನಿಯರ್‌ಗಳು ಎಣಿಸುವುದು ಅವನ್ನೇ. ಅದೂ ಅಲ್ಲದೆ, ಒಂದು ಬೈಟ್‌ಗೆ ಎಂಟೇ ಬಿಟ್ ಅನ್ನುವುದು ಮೊದಲಿನಿಂದ ಇದ್ದ ನಿಯಮವಲ್ಲ. ಐಬಿಎಂನ ವರ್ನರ್ ಬುಕ್‌ಹೋಲ್ಟ್ಸ್ 1956ರಲ್ಲಿ ಬೈಟ್ ಅನ್ನುವ ಹೆಸರು ಕೊಟ್ಟಾಗ ಅದರ ಅಳತೆ ಗಟ್ಟಿಯಾಗಿರಲಿಲ್ಲ. ಆರು ಬಿಟ್‌ನ ಅಕ್ಷರ ಬಳಸುವ ಯಂತ್ರಗಳು ಬೇಕಾದಷ್ಟಿದ್ದವು. 1964ರಲ್ಲಿ ಐಬಿಎಂ ಸಿಸ್ಟಮ್/360 ಅನ್ನುವ ಕಂಪ್ಯೂಟರ್‌ಗಳು ಬಂದ ಮೇಲೆ ಎಂಟು ಬಿಟ್ ಬಳಕೆಗೆ ಭದ್ರವಾಗಿ ಕೂತಿತು. ಹಾಗಾಗಿ ತಂತಿಯವರು ಬಿಟ್ ಹಿಡಿದುಕೊಂಡಿದ್ದಕ್ಕೆ ಒಳ್ಳೆಯ ಕಾರಣವಿದೆ. ನನ್ನ ತಕರಾರು ಆ ಅಂಕಿಯನ್ನು ಹಾಗೆಯೇ ತಂದು ಸಾಮಾನ್ಯ ಜನರ ಮುಂದೆ ಇಡುವುದರ ಬಗ್ಗೆ. ಫೋಟೋ, ವಿಡಿಯೋ, ಆ್ಯಪ್, ಡೇಟಾ ಪ್ಲಾನ್ ಎಲ್ಲವನ್ನೂ ನಾವು ಬೈಟ್‌ನಲ್ಲೇ ನೋಡುತ್ತೇವೆ ಅಲ್ವಾ? ವೇಗಕ್ಕೆ ಮಾತ್ರ ಬೇರೆ ಯೂನಿಟ್ ಯಾಕೆ?

ವಿಂಡೋಸನ್ನೇ ತೆಗೆದುಕೊಳ್ಳಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ವೇಗ ಬಿಟ್‌ನಲ್ಲಿ ಬರುತ್ತದೆ, ಫೈಲ್ ಕಾಪಿಯ ವಿಂಡೋದಲ್ಲಿ ಬೈಟ್‌ನಲ್ಲಿ. ಎರಡೂ ಒಂದೇ ಪರದೆಯ ಮೇಲೆ ಅಕ್ಕಪಕ್ಕ ಇರಬಹುದು. ಗುರುತು ಏನಪ್ಪಾ ಅಂದರೆ ಇಂಗ್ಲಿಷಿನ ಚಿಕ್ಕ ಬಿ ಇದ್ದರೆ ಬಿಟ್, ದೊಡ್ಡ ಬಿ ಇದ್ದರೆ ಬೈಟ್. ಎಂಟು ಪಟ್ಟು ವ್ಯತ್ಯಾಸವನ್ನು ಒಂದು ಅಕ್ಷರದ ಗಾತ್ರದ ಮೇಲೆ ಬಿಟ್ಟಿದ್ದಾರೆ. ಕಸ್ಟಮರ್ ಕೇರ್ ಜೊತೆ ಫೋನಿನಲ್ಲಿ ಮಾತಾಡುವಾಗ ಆ ವ್ಯತ್ಯಾಸವೂ ಉಳಿಯುವುದಿಲ್ಲ. ಅದಕ್ಕೇ ನಾನು ಯಾವಾಗಲೂ ಮೆಗಾಬಿಟ್, ಮೆಗಾಬೈಟ್ ಅಂತ ಪೂರ್ತಿ ಹೇಳಿ ಅನ್ನುತ್ತೇನೆ.

1000 ಮತ್ತು 1024ರ ಗೊಂದಲಕ್ಕೆ ಅಂತರರಾಷ್ಟ್ರೀಯ ಮಾನದಂಡಗಳನ್ನು ರೂಪಿಸುವ ಐಇಸಿ ಸಂಸ್ಥೆ 1998ರಲ್ಲೇ ಪರಿಹಾರ ಕೊಟ್ಟಿದೆ. 1024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್ ಅನ್ನುವ ಬೇರೆ ಹೆಸರುಗಳಿವೆ. ಲಿನಕ್ಸ್‌ನ ಹಲವು ಪ್ರೋಗ್ರಾಂಗಳು ಅವನ್ನು ಬಳಸುತ್ತವೆ. ಉಳಿದವರೂ ಬಳಸಬೇಕಿತ್ತು.

ಅಪ್‌ಲೋಡ್‌ನಲ್ಲಿ ಈ ಗೊಂದಲ ಇನ್ನೂ ಜಾಸ್ತಿ ಕಾಡುತ್ತದೆ. ಎಷ್ಟೋ ಕನೆಕ್ಷನ್‌ಗಳಲ್ಲಿ ಕಳಿಸುವ ವೇಗ ತರಿಸಿಕೊಳ್ಳುವ ವೇಗಕ್ಕಿಂತ ತುಂಬಾ ಕಡಿಮೆ. ಅದು 10 ಮೆಗಾಬಿಟ್ ಅಂದುಕೊಳ್ಳಿ. 1 ಜಿಬಿ ವಿಡಿಯೋ ಕಳಿಸಲು ಕಡಿಮೆ ಅಂದರೂ 800 ಸೆಕೆಂಡ್, ಅಂದರೆ 13 ನಿಮಿಷದ ಮೇಲೆ ಬೇಕು. ಬಿಟ್ಟನ್ನು ಬೈಟ್ ಅಂದುಕೊಂಡವರು ಎರಡು ನಿಮಿಷದೊಳಗೆ ಮುಗಿಯುತ್ತದೆ ಅಂತ ಕಾಯುತ್ತಾ ಕೂರುತ್ತಾರೆ.

ಕಂಪನಿಗಳು ಎರಡೂ ಅಂಕಿಯನ್ನು ಒಟ್ಟಿಗೆ ತೋರಿಸಬೇಕು: 100 ಮೆಗಾಬಿಟ್, ಅಂದರೆ ಸುಮಾರು 12 ಮೆಗಾಬೈಟ್. ಒಂದು ಸಾಲಿನ ಕೆಲಸ. ಅಲ್ಲಿಯವರೆಗೆ ಬಾಯಿಲೆಕ್ಕಕ್ಕೆ ಎಂಟರ ಬದಲು ಹತ್ತರಿಂದ ಭಾಗಿಸಿ. ಪ್ಯಾಕೆಟ್ ಖರ್ಚೂ ಅದರಲ್ಲಿ ಸೇರಿಹೋಗುತ್ತದೆ. 100ಕ್ಕೆ 10, 300ಕ್ಕೆ 30. ನಿಮ್ಮ 100ರ ಲೈನಿನಲ್ಲಿ ಮೂರೋ ನಾಲ್ಕೋ ಮೆಗಾಬೈಟ್ ಮಾತ್ರ ಬರುತ್ತಿದ್ದರೆ ವೈಫೈ ಬಿಟ್ಟು ಕೇಬಲ್ ಹಾಕಿ ನೋಡಿ. ಬೇರೆ ಸರ್ವರ್‌ನಿಂದಲೂ ಒಂದು ಫೈಲ್ ಇಳಿಸಿ ನೋಡಿ. ಆಗಲೂ ಅಷ್ಟೇ ಬಂದರೆ ದೂರು ಕೊಡಿ. ಅಂಕಿಯ ಪಕ್ಕದಲ್ಲಿ ಮೆಗಾಬೈಟ್ ಅಂತ ಬಿಡಿಸಿ ಬರೆಯಿರಿ.