‘ಇಪ್ಪೋಳ್’ ಯಾವ ಪಾರ್ಟಿ?

2019ರ ಡಿಸೆಂಬರ್ 9ರಂದು ಕೇರಳದ ಕಣ್ಣೂರು ಜಿಲ್ಲೆಯ ತಳಿಪ್ಪರಂಬದ ಬಾಡಿಗೆ ಮನೆಯ ಜಗಲಿಯಲ್ಲಿ ಕುಳಿತು ನಮ್ಮ ಕೆ.ಆರ್. ಪೇಟೆ ಉಪಚುನಾವಣೆಯ ಫಲಿತಾಂಶವನ್ನು ಫೋನಿನಲ್ಲಿ ನೋಡುತ್ತಿದ್ದಾಗ, ಪಕ್ಕದ ಮನೆಯ ಏಟ್ಟ (ಮಲಯಾಳದಲ್ಲಿ ಅಣ್ಣ) ಬೇಲಿಯಾಚೆಯಿಂದ ಕೇಳಿದರು: “ಸಾರೇ, ನಿಮ್ಮ ಎಂಎಲ್‌ಎ ಇಪ್ಪೋಳ್ ಯಾವ ಪಾರ್ಟಿ?” ಅದರಲ್ಲಿ ಕುಹಕವಿರಲಿಲ್ಲ, ತಿಳಿಯಬೇಕೆಂದೇ ಕೇಳಿದ್ದರು. ಆದರೆ ‘ಇಪ್ಪೋಳ್’, ಅಂದರೆ ‘ಈಗ’ ಎನ್ನುವ ಆ ಒಂದು ಪದ ನನ್ನನ್ನು ರಾತ್ರಿಯವರೆಗೂ ಚುಚ್ಚುತ್ತಲೇ ಇತ್ತು.

ಜನತಾದಳದಿಂದ ಗೆದ್ದು ರಾಜೀನಾಮೆ ಕೊಟ್ಟು ಅನರ್ಹರಾಗಿದ್ದವರನ್ನೇ ನಮ್ಮ ಜನ ಬಿಜೆಪಿಯಿಂದ ಮತ್ತೆ ಆರಿಸಿ ಕಳಿಸಿದ್ದರು. ಆ ಸಲ 15 ಕ್ಷೇತ್ರಗಳಲ್ಲಿ 12 ಬಿಜೆಪಿಗೆ ಹೋದವು. ಪಕ್ಷ ಬಿಟ್ಟು ಬಂದು ಕಣಕ್ಕಿಳಿದವರಲ್ಲಿ ಸೋತವರು ಬೆರಳೆಣಿಕೆಯಷ್ಟು. ಊರಿಗೆ ಫೋನು ಮಾಡಿ ಅಣ್ಣನನ್ನು ತರಾಟೆಗೆ ತೆಗೆದುಕೊಂಡರೆ ಆತ ನಿರಾಳವಾಗಿ ಹೇಳಿದ: “ನಮ್ಮ ಬೂಕನಕೆರೇಲಿ ಹುಟ್ಟಿದ ಯಡಿಯೂರಪ್ಪನೋರೇ ಸಿಎಂ ಆಗವ್ರೆ, ಎದುರು ಹಾಕ್ಕಂಡು ಏನ್ ಮಾಡದು? ತಾಲ್ಲೂಕಿಗೆ ಒಂದಷ್ಟು ಕೆಲ್ಸ ಆಗ್ಲಿ ಬುಡು.” ಎರಡು ತಲೆಮಾರು ತೆನೆ ಹೊತ್ತ ಮಹಿಳೆಯ ಗುರುತನ್ನು ಬಿಟ್ಟು ಬೇರೆಡೆಗೆ ಕಣ್ಣು ಹಾಯಿಸದಿದ್ದ ಮನೆ ನಮ್ಮದು ಎಂದು ನಾನು ತಿಳಿದಿದ್ದೆ!

ಏಟ್ಟನ ಕತೆಯೇ ಬೇರೆ. ಅವರು ಬೀಡಿ ಕಟ್ಟಿ ಬದುಕಿದವರು. 1966ರ ಬೀಡಿ ಕಾರ್ಮಿಕರ ಕಾಯಿದೆಯನ್ನು ಸಿಪಿಎಂ ನೇತೃತ್ವದ ಕೇರಳ ಸರ್ಕಾರ ಜಾರಿಗೆ ತರಲು ಹೊರಟಾಗ ಮಂಗಳೂರಿನ ಮಾಲೀಕರು ಕಣ್ಣೂರಿನ ಶೆಡ್ಡುಗಳಿಗೆ ಬೀಗ ಹಾಕಿಕೊಂಡು ಹೊರಟರು. ಸಾವಿರಾರು ಜನ ಬೀದಿಗೆ ಬಿದ್ದರು. ಬೀಗ ಹಾಕಿದವರು ನಮ್ಮವರೇ ಎಂಬುದನ್ನು ಏಟ್ಟ ನನ್ನ ಮುಖ ನೋಡಿ ತುಸು ನಗುತ್ತಲೇ ಹೇಳುತ್ತಾರೆ. 1969ರಲ್ಲಿ ಆ ಕಾರ್ಮಿಕರಿಗಾಗಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿದಾಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಸಾಲಾಗಿ ಕುಳಿತವರೆಲ್ಲ ತೊಡೆಯ ಮೇಲಿನ ಮೊರದಲ್ಲಿ ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುರುಳಿ ಸುತ್ತುತ್ತಿದ್ದರೆ, ಒಬ್ಬ ಮಾತ್ರ ಬೀಡಿ ಕಟ್ಟದೆ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದನಂತೆ. ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಸಂಬಳ, ಪಿಂಚಣಿ, ಲೋಕಜ್ಞಾನ ಎಲ್ಲವೂ ಒಂದೇ ಸೂರಿನಡಿ ಸಿಕ್ಕಿದ ಮನುಷ್ಯನಿಗೆ ಅಭ್ಯರ್ಥಿ ಯಾರೆಂಬುದು ಮುಖ್ಯವಾದೀತೇ? ಮತ ಹಾಕುವಾಗ ಅವರು ಹೆಸರನ್ನು ಓದುವುದೇ ಇಲ್ಲವಂತೆ, ಸಿಪಿಎಂನ ಕುಡುಗೋಲು, ಸುತ್ತಿಗೆ, ನಕ್ಷತ್ರ ಕಂಡರೆ ಸಾಕಂತೆ.

ಇಲ್ಲಿ ಯಾವ ಮನೆ ಯಾವ ಪಕ್ಷದ್ದೆಂದು ಅಂಚೆಯವನಿಗೂ ಗೊತ್ತು, ಜಗಲಿಗೆ ಬಂದು ಬೀಳುವ ಪತ್ರಿಕೆ ನೋಡಿದರೆ ನನಗೂ ಗೊತ್ತಾಗುತ್ತದೆ. ಚುನಾವಣೆಗೆ ತಿಂಗಳುಗಟ್ಟಲೆ ಮೊದಲೇ ಗೋಡೆಗಳಿಗೆ ಸುಣ್ಣ ಬಳಿದು, ಇದು ಇಂಥ ಪಕ್ಷಕ್ಕೆ ‘ಬುಕ್’ ಆಗಿದೆ ಎಂದು ಬರೆದಿಡುತ್ತಾರೆ. ಆ ಬರಹವನ್ನು ನೋಡಿದಾಗಲೆಲ್ಲ ನನಗೆ ನಮ್ಮೂರ ಕಡೆಯ ಮತದಾರನ ನೆನಪಾಗುತ್ತದೆ: ಗೋಡೆಯೂ ಖಾಲಿ, ಮನಸ್ಸೂ ಖಾಲಿ, ಕೊನೆಯ ರಾತ್ರಿ ಬಂದು ಬುಕ್ ಮಾಡಿದವರದೇ ಮತ. ‘ನಮ್ಮವನು’ ಎಂಬ ಒಂದು ಮಾತಿನೊಳಗೆ ಜಾತಿ, ಊರು, ನೆಂಟಸ್ತಿಕೆ, ತಿಥಿಗೆ ಬಂದು ಹೋದ ಉಪಕಾರ ಎಲ್ಲವೂ ಅಡಗಿಬಿಡುತ್ತವೆ. ಪಕ್ಷದ ಸಿದ್ಧಾಂತ ಏನೆಂದು ಕೇಳಿದವನೇ ಪೆದ್ದನಾಗುತ್ತಾನೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಮರೆಮಾಚುವುದಿಲ್ಲ.

ಆದರೂ ಕೆಲವು ಸಂಗತಿಗಳನ್ನು ಒಪ್ಪಿಕೊಳ್ಳಲೇಬೇಕು. ನಮ್ಮ ಕಡೆ ಪಕ್ಷವೆಂಬುದು ಶೆಡ್ಡು ಕಟ್ಟಿಕೊಟ್ಟಿಲ್ಲ, ಪತ್ರಿಕೆ ಓದಿಸಿಲ್ಲ; ಟ್ರಾನ್ಸ್‌ಫಾರ್ಮರ್ ಸುಟ್ಟಾಗ, ಆಸ್ಪತ್ರೆಯಲ್ಲಿ ಹಾಸಿಗೆ ಸಿಗದಾಗ ಜನ ಫೋನು ಮಾಡುವುದು ಒಬ್ಬ ಮನುಷ್ಯನಿಗೆ. ಅವನು ಪಕ್ಷ ಬದಲಿಸಿದರೂ ಅವನ ಫೋನ್ ನಂಬರು ಬದಲಾಗುವುದಿಲ್ಲ. 1984ರ ಲೋಕಸಭೆಗೆ ಕಾಂಗ್ರೆಸ್ಸಿಗೆ 28ರಲ್ಲಿ 24 ಸ್ಥಾನ ಕೊಟ್ಟು, ಕೆಲವೇ ತಿಂಗಳಲ್ಲಿ ಜನತಾ ಪಕ್ಷದ ರಾಮಕೃಷ್ಣ ಹೆಗಡೆಯವರನ್ನು 139 ಸ್ಥಾನಗಳೊಂದಿಗೆ ವಿಧಾನಸಭೆಗೆ ಕಳಿಸಿದ ಜನರನ್ನು ಬುದ್ಧಿಯಿಲ್ಲದವರೆಂದು ನಾನು ಯಾವ ಬಾಯಿಯಿಂದ ಹೇಳಲಿ? ಇತ್ತ ಏಟ್ಟನ ಕಣ್ಣೂರು ಕೂಡ 2019ರ ಮೇ ತಿಂಗಳಲ್ಲಿ ಲೋಕಸಭೆಗೆ ಕಾಂಗ್ರೆಸ್ಸನ್ನೇ ಗೆಲ್ಲಿಸಿತ್ತು; ಬುಕ್ ಆದ ಗೋಡೆಗಳ ನಡುವೆಯೂ ಸದ್ದಿಲ್ಲದೆ ಮನಸ್ಸು ಬದಲಿಸುವವರಿದ್ದಾರೆ.

ಇನ್ನೊಂದನ್ನು ಬರೆಯಲು ಇಷ್ಟು ಹೊತ್ತು ಹಿಂಜರಿದೆ. ತಳಿಪ್ಪರಂಬದ ಮಗ್ಗುಲಲ್ಲೇ ಇರುವ ಆಂತೂರು ಪುರಸಭೆಗೆ 2015ರಲ್ಲಿ ಚುನಾವಣೆ ನಡೆದಾಗ 28 ವಾರ್ಡುಗಳ ಪೈಕಿ 14ರಲ್ಲಿ ಎಡರಂಗಕ್ಕೆ ಎದುರಾಳಿಯೇ ಇರಲಿಲ್ಲ, ಉಳಿದ 14 ಕೂಡ ಅವರಿಗೇ ಸಿಕ್ಕವು. ಅದು ಜನರ ಪ್ರೀತಿ ಎನ್ನುತ್ತಾರೆ ಏಟ್ಟ. ಹೆದರಿಕೆ ಎನ್ನುತ್ತಾನೆ ಅವರ ಅಳಿಯ, ಅದೂ ಮಾವ ಎದ್ದು ಒಳಗೆ ಹೋದ ಮೇಲೆ.

ನಮ್ಮೂರ ಶಾಲೆಯ ಮುಂದೆ ಮತದಾನದ ದಿನ ಮೂರೂ ಪಕ್ಷದವರು ಒಂದೇ ಹೊಂಗೆಮರದ ನೆರಳಿನಲ್ಲಿ ಟೇಬಲು ಹಾಕಿಕೊಂಡು, ಒಂದೇ ಫ್ಲಾಸ್ಕಿನ ಕಾಫಿ ಕುಡಿಯುತ್ತಾರೆ, ನಮ್ಮ ಮನೆಯಲ್ಲೂ ಚಿಕ್ಕಪ್ಪ ಕಾಂಗ್ರೆಸ್ಸು ಎಂದು ಏಟ್ಟನಿಗೆ ಹೇಳಿದೆ. ಅವರು ನಂಬಲಿಲ್ಲ. “ಹಾಗಾದರೆ ನಿಮ್ಮೂರಲ್ಲಿ ಹೊಡೆದಾಟವೇ ಇಲ್ಲವೇ ಸಾರೇ?” ಎಂದರು. ಇದೆ ಏಟ್ಟ, ಚಿಕ್ಕಪ್ಪನೂ ಅಣ್ಣನೂ ಮಾತು ಬಿಟ್ಟು ಆರು ವರ್ಷವಾಯಿತು, ಆದರೆ ಅದು ಗದ್ದೆಯ ಬದುವಿಗೆ ಎಂದೆ.