ಹುಡುಗ ತನ್ನ ಹೆಸರು ಎಲ್ಲಿ ಬರೆಯಬೇಕು?

ನಿನ್ನೆಯಿಂದ ತಲೆ ಕೆಟ್ಟುಹೋಗಿದೆ. ಬರೆದರೆ ಹಗುರಾಗಬಹುದು ಅಂತ ಬರೆಯುತ್ತಿದ್ದೇನೆ.

ಸಿರವಾರದ ಕಡೆ ಒಂದು ಸರ್ಕಾರಿ ಶಾಲೆ. ತಂಗಿಯ ಮಗಳು ಅಲ್ಲಿ ಟೀಚರ್. ರಾಯಚೂರಿನ ದೊಡ್ಡ ವಕೀಲರ ಆಫೀಸಿನವರು ಬಂದು ಮಕ್ಕಳಿಗೆ ನೋಟ್‌ಬುಕ್ ಹಂಚುತ್ತಾರೆ, "ಮಾಮಾ, ನೀನೂ ಬಾ" ಅಂದಳು. ಹೋದೆ. ಯಾವ ಆಫೀಸು ಅಂತ ಕೇಳಬೇಡಿ. ಕೋರ್ಟಿನ ಮುಂದೆ ಟೈಪಿಂಗ್ ಮಷಿನ್ ಇಟ್ಟುಕೊಂಡು ಇಷ್ಟು ವರ್ಷ ಅನ್ನ ತಿಂದವನು ನಾನು. ಎಲ್ಲರೂ ಬೇಕಾದವರೇ.

ಶಾಮಿಯಾನ, ಶಾಲು, ಹಾರ, ಎರಡು ಕ್ಯಾಮೆರಾ. ಮಕ್ಕಳಿಗೆ ಮಾತ್ರ ಬಿಸಿಲು. ನಮ್ಮ ರಾಯಚೂರಿನ ಬಿಸಿಲನ್ನು ನಾನು ವಿವರಿಸಬೇಕಾ? ಹಿರಿಯ ವಕೀಲರು ಮೈಕ್ ಹಿಡಿದು 40 ನಿಮಿಷ ಮಾತಾಡಿದರು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಬಂತು, ನಮ್ಮ ಭಾಗದ ಹಿಂದುಳಿದಿರುವಿಕೆ ಬಂತು, ತಾವು ಬರಿಗಾಲಲ್ಲಿ ಶಾಲೆಗೆ ಹೋದದ್ದೂ ಬಂತು. ಆಮೇಲೆ ಹಂಚಿದರು. ಒಂದು ಹುಡುಗನ ಕೈಯಿಂದ ಪುಸ್ತಕ ಇಸಿದುಕೊಂಡು ನೋಡಿದೆ. ಮೇಲೆ ಆಫೀಸಿನ ಹೆಸರು, ಫೋನ್ ನಂಬರು, "ಸಿವಿಲ್, ಕ್ರಿಮಿನಲ್, ರೆವಿನ್ಯೂ" ಅಂತ ಬಣ್ಣದ ಸ್ಟಿಕರ್. ಅಂಟಿಸಿದ್ದು ಎಲ್ಲಿ ಗೊತ್ತಾ? ಹೆಸರು, ತರಗತಿ, ವಿಷಯ ಅಂತ ಗೆರೆ ಇರುತ್ತಲ್ಲ, ಸರಿಯಾಗಿ ಅದರ ಮೇಲೇ.

ಸರಿ, ಇಷ್ಟಕ್ಕೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ.

ಬಿಸಿಯೂಟದ ಅಡುಗೆ ಮಾಡುವ ಅಕ್ಕ ಒಬ್ಬರು ಸ್ಟೇಜ್ ಪಕ್ಕದಲ್ಲೇ ನಿಂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಒಳಗೆ ನಾಲ್ಕು ಮಡಿಕೆಯ ಕಾಗದ. ವಕೀಲರು ಇಳಿದ ಕೂಡಲೇ ಮುಂದೆ ಹಿಡಿದರು. "ಆಫೀಸಿಗೆ ಬಾಮ್ಮ, ಇಲ್ಲಿ ಬೇಡ" ಅಂದು ಕಾರು ಹತ್ತಿದರು. ಹತ್ತುವ ಮೊದಲು ಮಕ್ಕಳ ಜೊತೆ ಇನ್ನೊಂದು ಫೋಟೋ ಆಯಿತು. ಅದಕ್ಕೆ ಟೈಮ್ ಇತ್ತು.

ಆ ಕಾಗದ ನಾನು ತೆಗೆದುಕೊಂಡೆ. ಅಂಚಿಗೆ ಅರಿಶಿನದ ಬೆರಳಚ್ಚು. ಕೋರ್ಟಿನ ಸಮನ್ಸ್ ಅದು. ತೀರಿಹೋದ ಗಂಡನ 2 ಎಕರೆ ಮೇಲೆ ಮೈದುನ ದಾವೆ ಹಾಕಿದ್ದಾನೆ. ಕೈಗೆ ಬಂದು 12 ದಿನ ಆಗಿದೆ. "ಓದಾಕ ಬರಂಗಿಲ್ಲಣ್ಣ, ಬ್ಯಾಂಕಿಂದು ಇರ್ಬೇಕು ಅನ್ಕೊಂಡಿದ್ದೆ" ಅಂದರು. ಸಮನ್ಸ್ ಮುಟ್ಟಿದ 30 ದಿನದೊಳಗೆ ಉತ್ತರ ಹಾಕಬೇಕು. ಸರಿಯಾದ ಕಾರಣ ಇದ್ದರೆ ಕೋರ್ಟು 90 ದಿನದವರೆಗೆ ಬಿಡಬಹುದು. ತಾರೀಖಿನ ದಿನ ಯಾರೂ ಹೋಗದೇ ಇದ್ದರೆ ಎಕ್ಸ್‌ಪಾರ್ಟಿ, ಅಂದರೆ ಇವರ ಮಾತು ಕೇಳದೇ ಕೇಸು ಮುಂದೆ ಹೋಗುತ್ತದೆ. ಹೊಲದ ಕಥೆ ಮುಗಿದಂಗೇ. ಇದನ್ನು ಓದಿ ಹೇಳೋಕೆ ನನಗೆ ಹಿಡಿದದ್ದು 5 ನಿಮಿಷ. ನಾನು ಟೈಪಿಸ್ಟ್, ವಕೀಲನಲ್ಲ.

ನನ್ನ ಸಿಟ್ಟು ಇಷ್ಟೇ. ನೋಟ್‌ಬುಕ್ ಕಿರಾಣಿ ಅಂಗಡಿಯವನೂ ಕೊಡಬಲ್ಲ. ಈ ಕಾಗದ ಓದಿ ಹೇಳೋದು ವಕೀಲರ ಹತ್ತಿರ ಇರುವ ಸರಕು. ಅದನ್ನು ಬಿಟ್ಟು ಬೇರೆಲ್ಲಾ ಕೊಡುತ್ತಾರೆ!

ಅವರೇ ಕೇಸು ನಡೆಸಬೇಕು ಅಂತಲೂ ನಾನು ಹೇಳುತ್ತಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರದ ಕಾಯ್ದೆ 1987ರದ್ದು. ಜಾರಿಗೆ ಬಂದದ್ದು 1995ರ ನವೆಂಬರ್ 9ಕ್ಕೆ, ಅದಕ್ಕೇ ವರ್ಷಾ ವರ್ಷಾ ಆ ದಿನ ಕಾರ್ಯಕ್ರಮ ಮಾಡುತ್ತಾರೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಮಕ್ಕಳಿಗೆ, ಜೈಲಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ ವಕೀಲರು ಪುಕ್ಕಟೆ. ಕೋರ್ಟ್ ಫೀಯನ್ನೂ ಪ್ರಾಧಿಕಾರದವರೇ ನೋಡಿಕೊಳ್ಳುತ್ತಾರೆ. ತಾಲ್ಲೂಕಿಗೂ ಸಮಿತಿ ಇದೆ. ಫೋನ್ ಮಾಡೋದಾದರೆ 15100. ಐದು ಅಂಕಿ. 40 ನಿಮಿಷದ ಭಾಷಣದಲ್ಲಿ ಈ ಐದು ಅಂಕಿಗೆ ಜಾಗ ಇರಲಿಲ್ಲ. ಅಲ್ಲಿ ಕೂತಿದ್ದ ತಾಯಂದಿರಲ್ಲಿ ಎಷ್ಟು ಜನರ ಮನೆಯಲ್ಲಿ ಇಂಥ ಚೀಲ ಇದೆಯೋ.

ಇನ್ನೊಂದು ತಮಾಷೆ. ವಕೀಲರು ಜಾಹೀರಾತು ಕೊಡುವಂತಿಲ್ಲ. ಬೋರ್ಡು ಕೂಡ ಇಷ್ಟೇ ಇರಬೇಕು ಅಂತ ವಕೀಲರಿಗೆ ನಿಯಮ ಹಾಕುವ ಬಾರ್ ಕೌನ್ಸಿಲ್‌ನ 36ನೇ ನಿಯಮ. ಬಡವರಿಗೆ ಪುಕ್ಕಟೆ ನೆರವು ಕೊಡೋದು ವಕೀಲನ ದೊಡ್ಡ ಕರ್ತವ್ಯ ಅಂತ 46ನೇ ನಿಯಮ. ನಮ್ಮವರು ಒಂದೇ ಮಧ್ಯಾಹ್ನ ಎರಡನ್ನೂ ಮುಗಿಸಿದರು.

ರಾತ್ರಿ ಗೆಳೆಯನಿಗೆ ಹೇಳಿದರೆ, "ಕೊಡೋರನ್ನೂ ಬೈದರೆ ನಾಳೆ ಯಾರು ಕೊಡ್ತಾರಲೇ?" ಅಂದ. ಮಕ್ಕಳಿಗೆ ಪುಸ್ತಕ ಸಿಕ್ಕಿತಲ್ಲ, ನಿಂದೇನು? ಹೌದಪ್ಪ, ಸಿಕ್ಕಿತು. ಒಂದು ಮಗುವಿಗೆ ಎರಡು ನೋಟ್‌ಬುಕ್. ಶಾಮಿಯಾನದ ಬಾಡಿಗೆಯಲ್ಲೇ ಇನ್ನೆರಡು ಬರುತ್ತಿತ್ತು. ಕೊಡೋದು ಬೇಡ ಅಂತ ನಾನೆಲ್ಲಿ ಅಂದೆ? ಕೊಡೋ ಜಾಗದಲ್ಲಿ ಅಂಗಡಿ ಇಡಬೇಡಿ ಅಂದೆ. ಹಂಗಂತ ಎಲ್ಲರೂ ಹೀಗಲ್ಲ. ಕೋರ್ಟಿನ ಹಿಂದಿನ ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತಾ ಹಳ್ಳಿಯವರ ಪಹಣಿ ಓದಿ ಹೇಳುವ ವಕೀಲರೊಬ್ಬರು ಇದ್ದಾರೆ. ಅವರ ಫೋಟೋ ಮಾತ್ರ ಯಾರ ಹತ್ತಿರವೂ ಇಲ್ಲ.

ಹೇಳಲೇಬೇಕಾದ ಮಾತು ಇನ್ನೊಂದಿದೆ. ನನ್ನ ಟೇಬಲ್ಲಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಕಾನೂನು ನೆರವಿನ ಕೋಣೆ ಇತ್ತು. ಕಾಗದ ಹಿಡಿದು ಬಂದ ಎಷ್ಟೋ ಹೆಣ್ಣುಮಕ್ಕಳಿಗೆ "ಅಲ್ಲಿ ಹೋಗಿ ಕೇಳವ್ವಾ" ಅಂತ ನಾನು ಹೇಳಲಿಲ್ಲ. ನನಗೆ ಕೆಲಸ ತರುತ್ತಿದ್ದವರು ವಕೀಲರ ಗುಮಾಸ್ತರು. ಕಕ್ಷಿದಾರರು ಆ ಕಡೆ ಹೋದರೆ ಅವರ ಮುಖ ಗಂಟಾಗುತ್ತಿತ್ತು, ನನಗೆ ಟೈಪಿಂಗ್ ಕೆಲಸ ಸಿಗುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಪೇಜಿಗೆ ಇಷ್ಟು ಅಂತ ಎಣಿಸಿಕೊಂಡೆ. ಹಂಗಾಗಿ ನಿನ್ನೆ ಆ ಕಾರಿನ ಹಿಂದೆ ಬೈಯುವಾಗ ಅರ್ಧ ಬೈಗುಳ ನನಗೇ ಬೀಳುತ್ತಿತ್ತು.

ಸೋಮವಾರ ಆ ಅಕ್ಕನನ್ನು ಕರೆದುಕೊಂಡು ಹೋಗುತ್ತೇನೆ. ಸಮನ್ಸು, ಆಧಾರ್ ಜೆರಾಕ್ಸ್, ಪಹಣಿ ಇಟ್ಟುಕೊಳ್ಳಿ ಅಂತ ಹೇಳಿದ್ದೇನೆ. ಎಲ್ಲಾ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ: "ಸೋಮಾರ ನಾ ಬಂದ್ರ ಇಲ್ಲಿ ಹುಡುಗರಿಗೆ ಅಡಗಿ ಯಾರ್ ಮಾಡ್ಬೇಕಣ್ಣ?"